ಇಶಾಡ ಮರದೊಳಗೆ ಮಲಗಿದ್ದ ಶತ್ರು

ಟೊಂಗೆ ಒಣಗಿದ ಮೇಲೆ ಔಷಧಿ ಹೊಡೆದು ಕೈಸುಟ್ಟುಕೊಂಡ ಹಬ್ಬುವಾಡದ ಕೃಷಿಕರೊಬ್ಬರ ಅನುಭವ

ನಮ್ಮ ಮನೆ ಕಾರವಾರದ ಹಬ್ಬುವಾಡದಲ್ಲಿ. ಹಿತ್ತಿಲಿನಲ್ಲಿ ಎರಡು ಕರಿ ಇಶಾಡ ಮಾವಿನ ಮರ. ಅಜ್ಜ ಅಂಕೋಲೆಯಿಂದ ಸಸಿ ತಂದು ನೆಟ್ಟದ್ದು. ಒಂದು ಅಂಗಳದ ಮೂಲೆಗೆ, ಇನ್ನೊಂದು ಬಾವಿಯ ಆಚೆ. ನಡುವೆ ನಲ್ವತ್ತು ಹೆಜ್ಜೆ. ತಳಿ ಒಂದೇ, ವಯಸ್ಸು ಒಂದೇ, ಮಣ್ಣೂ ಒಂದೇ.

2023ರ ದೀಪಾವಳಿ ಕಳೆದ ಮೇಲೆ ಅಂಗಳದ ಮರದ ನೆತ್ತಿ ಒಣಗತೊಡಗಿತು. ಎಲೆ ಕೂಡಲೇ ಉದುರಲಿಲ್ಲ. ಕಂದು ಬಣ್ಣಕ್ಕೆ ತಿರುಗಿ, ಅಂಚು ಮೇಲಕ್ಕೆ ಸುರುಳಿ ಸುತ್ತಿ, ಟೊಂಗೆಗೇ ಅಂಟಿಕೊಂಡು ನಿಂತಿತು. ಕೆಲವು ಕಡೆ ತೊಗಟೆ ಸೀಳಿ ಅಂಟು ಇಳಿಯಿತು. ಸಂಕ್ರಾಂತಿ ಹೊತ್ತಿಗೆ ಮರದ ಕಾಲು ಭಾಗ ಕಟ್ಟಿಗೆ.

ಬಂದವರೆಲ್ಲ ಒಂದೊಂದು ಔಷಧಿ ಹೇಳಿದರು. ನಾನೂ ಮೂರು ಸಲ ಹೊಡೆಸಿದೆ. ಔಷಧಿ, ಏಣಿ, ಆಳು ಎಂದು ನಾಲ್ಕು ಸಾವಿರ ಹೋಯಿತು. ಒಣಗುವುದು ನಿಲ್ಲಲಿಲ್ಲ. ಬಾವಿಯಾಚೆಯ ಮರ ಮಾತ್ರ ಏನೂ ಆಗದ ಹಾಗೆ ಹಸಿರಾಗಿ ನಿಂತಿತ್ತು. ರೋಗ ಹಾರಿ ಬಂದದ್ದಾದರೆ ಅದನ್ನೇಕೆ ಬಿಟ್ಟಿತು?

ಎರಡು ಕಡ್ಡಿಯ ಪರೀಕ್ಷೆ

ಪರಿಚಯದ ಸಸ್ಯರೋಗ ತಜ್ಞರೊಬ್ಬರಿಗೆ ಒಣಗಿದ ಟೊಂಗೆ ತೋರಿಸಿದೆ. ಅವರು ಸೀಳಿ ನೋಡಿದರು. ಒಳಗೆ ಕಂದು ಗೆರೆ ಕೆಳಮುಖವಾಗಿ ಇಳಿದಿತ್ತು. "ಆ ಗಟ್ಟಿ ಮರದ್ದೂ ಒಂದು ಹಸಿರು ಕಡ್ಡಿ ತನ್ನಿ" ಅಂದರು. ಯಾಕೆ ಎಂದು ಆಗ ನನಗೆ ಗೊತ್ತಾಗಲಿಲ್ಲ.

ಎರಡೂ ಕಡ್ಡಿಯ ಹೊರಮೈಯನ್ನು ಔಷಧಿಯಲ್ಲಿ ತೊಳೆದು, ಒಳಗಿನ ಚೂರನ್ನು ಗಾಜಿನ ತಟ್ಟೆಯ ಅಗರ್ ಮೇಲೆ ಇಟ್ಟರು. ಒಂದು ವಾರದಲ್ಲಿ ಎರಡು ತಟ್ಟೆಯಲ್ಲೂ ಬೂಸು ಎದ್ದಿತು. ಮೊದಲು ಬಿಳಿ, ಆಮೇಲೆ ಬೂದು, ಕೊನೆಗೆ ಕಪ್ಪು. ಎರಡರಲ್ಲೂ ಒಂದೇ ಶಿಲೀಂಧ್ರ. ಒಣಗಿದ ಟೊಂಗೆಯಲ್ಲಿ ಇದ್ದದ್ದೇ ಹಸಿರು ಟೊಂಗೆಯಲ್ಲೂ ಇತ್ತು!

"ಇದು ನಿನ್ನೆ ಮೊನ್ನೆ ಬಂದದ್ದಲ್ಲ. ವರ್ಷಗಟ್ಟಲೆ ಒಳಗೇ ಇತ್ತು. ಒಂದು ಮರ ಅದನ್ನು ಮಲಗಿಸಿಟ್ಟಿದೆ, ಇನ್ನೊಂದಕ್ಕೆ ಆಗಲಿಲ್ಲ" ಅಂದರು ಅವರು. ಈ ಲೇಖನ ಹುಟ್ಟಿದ್ದು ಆ ಮಾತಿನಿಂದ.

ಬಾಡಿಗೆ ಕೊಡದ ಒಕ್ಕಲು

ಅದರ ಹೆಸರು ಲಾಸಿಯೋಡಿಪ್ಲೋಡಿಯಾ ಥಿಯೋಬ್ರೋಮೆ. ನಾಲಿಗೆ ಹೊರಳದ ಹೆಸರು, ಆದರೆ ಜೀವಿ ನಮಗೆ ಹೊಸದಲ್ಲ. ಮಾವು, ಗೇರು, ತೆಂಗು, ಕೊಕ್ಕೋ ಎಲ್ಲದರಲ್ಲೂ ಇರುತ್ತದೆ. ಮಾವಿನ ಟೊಂಗೆ ಒಣಗುವ ರೋಗಕ್ಕೂ, ಹಣ್ಣಿನ ತೊಟ್ಟು ಕೊಳೆಯುವುದಕ್ಕೂ ಇದು ಮುಖ್ಯ ಕಾರಣ. ಹಣ್ಣನ್ನು ಹುಲ್ಲಿನಲ್ಲಿಟ್ಟು ನಾಲ್ಕು ದಿನಕ್ಕೆ ತೊಟ್ಟಿನ ಸುತ್ತ ಕಪ್ಪಾಗಿ, ಒತ್ತಿದರೆ ನೀರಾಗುವುದನ್ನು ಯಾರು ನೋಡಿಲ್ಲ?

ಇಂಥವುಗಳನ್ನು ಒಳವಾಸಿ ಶಿಲೀಂಧ್ರ ಎನ್ನಬಹುದು. ಎಲೆ, ತೊಗಟೆ, ಟೊಂಗೆಗಳ ಒಳಗೆ ಸೇರಿಕೊಂಡು, ಯಾವ ಲಕ್ಷಣವನ್ನೂ ತೋರಿಸದೆ ಇರುತ್ತವೆ. ಬಾಡಿಗೆ ಕೊಡದ ಒಕ್ಕಲಿನ ಹಾಗೆ. ಮನೆ ಯಜಮಾನ ಗಟ್ಟಿ ಇರುವಷ್ಟು ದಿನ ಸುಮ್ಮನಿರುತ್ತವೆ.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ವಿಜ್ಞಾನಿಗಳು 1992ರಲ್ಲಿ ಮಾವಿನ ತೊಟ್ಟು ಕೊಳೆಯ ಗುಟ್ಟು ಪ್ರಕಟಿಸಿದರು. ರೋಗ ಕೊಯ್ಲಿನ ಹೊತ್ತಿಗೆ ಹೊರಗಿನಿಂದ ತಗಲುವುದಷ್ಟೇ ಅಲ್ಲ. ಟೊಂಗೆಯೊಳಗಿನ ಶಿಲೀಂಧ್ರ ಹೂಗೊಂಚಲಿನ ಕಾಂಡಕ್ಕೆ, ಅಲ್ಲಿಂದ ತೊಟ್ಟಿಗೆ ಮೆಲ್ಲನೆ ಹಬ್ಬಿ ಹಣ್ಣು ಮಾಗುವುದನ್ನು ಕಾಯುತ್ತದೆ ಎಂದು ತೋರಿಸಿದರು.

ಮಾವಿಗೆ ಮಾತ್ರ ಈ ಪಾಡಲ್ಲ. ಚೆನ್ನೈಯ ಡಾ. ಟಿ.ಎಸ್. ಸೂರ್ಯನಾರಾಯಣನ್ ಮತ್ತು ಜೊತೆಯವರು ನೀಲಗಿರಿ ಕಾಡುಗಳ ಹತ್ತಾರು ಜಾತಿಯ ಮರಗಳ ಎಲೆ ತಂದು ಪರೀಕ್ಷಿಸಿದ್ದಾರೆ. ನೋಡಲಿಕ್ಕೆ ಆರೋಗ್ಯವಾಗಿದ್ದ ಎಲೆಗಳಲ್ಲೇ ಶಿಲೀಂಧ್ರಗಳು ಸಿಕ್ಕವು. ಬೇಸಿಗೆಗಿಂತ ಮಳೆಗಾಲದ ಎಲೆಗಳಲ್ಲಿ ಹೆಚ್ಚು. ಕೆಲವು ಶಿಲೀಂಧ್ರಗಳು ಸಂಬಂಧವೇ ಇಲ್ಲದ ಹಲವು ಜಾತಿ ಮರಗಳಲ್ಲಿ ಇದ್ದವು. ಅಂದರೆ ನಮ್ಮ ಹಲಸು, ಮುರುಗಲು, ಹೊನ್ನೆ, ಕಾಟುಮಾವು ಯಾವುದರ ಒಳಗೂ 'ಯಾರೂ ಇಲ್ಲ' ಎನ್ನುವಂತಿಲ್ಲ.

ಇವೆಲ್ಲ ಶತ್ರುಗಳೂ ಅಲ್ಲ. ಪನಾಮಾದಲ್ಲಿ ಕೊಕ್ಕೋ ಸಸಿಗಳ ಮೇಲೆ ನಡೆಸಿದ ಪ್ರಯೋಗ 2003ರಲ್ಲಿ ಪ್ರಕಟವಾಯಿತು. ಒಳವಾಸಿ ಶಿಲೀಂಧ್ರ ಸೇರಿಸಿದ ಎಲೆಗಳು ಫೈಟಾಫ್ತೊರಾ ರೋಗವನ್ನು ಹೆಚ್ಚು ಚೆನ್ನಾಗಿ ತಡೆದುಕೊಂಡವು. ಕಂಡಕಂಡಾಗ ಶಿಲೀಂಧ್ರನಾಶಕ ಹೊಡೆದರೆ ಕಾವಲುಗಾರರೂ ಸಾಯಬಹುದು.

ಕೊಳೆರೋಗದ ಲೆಕ್ಕ ಇಲ್ಲಿ ನಡೆಯದು

ನಾನು ಔಷಧಿಗೆ ಓಡಿದ್ದು ಅಡಿಕೆಯ ಅನುಭವದಿಂದ. ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್‌ಮನ್ 1910ರ ಸುಮಾರಿಗೆ ಅಡಿಕೆ ಕೊಳೆರೋಗದ ಬಗ್ಗೆ ಅಧ್ಯಯನ ಮಾಡಿ ಬೋರ್ಡೋ ದ್ರಾವಣದ ದಾರಿ ತೋರಿಸಿದರು. ಇವತ್ತಿಗೂ ಅದೇ ನಮ್ಮ ಕೊಡೆ. ಕೊಳೆರೋಗದ ಜೀವಿ ಮಳೆಯ ಜೊತೆ ಹೊರಗಿನಿಂದ ಬಂದು ಕಾಯಿಗೆ ತಗಲುತ್ತದೆ. ಕಾಯಿಯ ಮೇಲೆ ಮೈಲುತುತ್ತಿನ ಪದರ ಇದ್ದರೆ ಒಳಗೆ ಹೋಗಲಾರದು.

ಆದರೆ ಒಳಗೇ ಕುಳಿತವನಿಗೆ ಬಾಗಿಲಿಗೆ ಹಾಕಿದ ಬೀಗ ಏನು ಮಾಡೀತು? ಬೋರ್ಡೋ ಟೊಂಗೆಯ ಒಳಕ್ಕೆ ಇಳಿಯುವುದಿಲ್ಲ. ಹೊಸ ಗಾಯಕ್ಕೆ, ಹೊಸ ಚಿಗುರಿಗೆ ಅದು ರಕ್ಷಣೆ. ಒಣಗುತ್ತಿರುವ ಟೊಂಗೆಗೆ ಮದ್ದಲ್ಲ. ನನ್ನ ನಾಲ್ಕು ಸಾವಿರ ಹೋದದ್ದು ಇಲ್ಲೇ.

ಹವೆ ಅದನ್ನು ಎಬ್ಬಿಸುವ ಬಗೆ

ಮರ ಒಳವಾಸಿಯನ್ನು ಹೇಗೆ ಮಲಗಿಸಿಟ್ಟಿರುತ್ತದೆ? ಗಾಯದ ಸುತ್ತ ಅಂಟು ತುಂಬುತ್ತದೆ, ಕಹಿ ರಸ ಕೂಡಿಸುತ್ತದೆ, ಹೊಸ ತೊಗಟೆ ಕಟ್ಟಿ ಅದಕ್ಕೆ ಬೇಲಿ ಹಾಕುತ್ತದೆ. ಎಳೆ ಮಾವಿನ ಕಾಯಿಯ ಸಿಪ್ಪೆಯಲ್ಲಿ ಶಿಲೀಂಧ್ರ ಬೆಳೆಯದಂತೆ ತಡೆಯುವ ರಿಸಾರ್ಸಿನಾಲ್ ಎಂಬ ವಸ್ತುಗಳಿವೆ. ಹಣ್ಣಾಗುವಾಗ ಅವು ಕಡಿಮೆಯಾಗುತ್ತವೆ. ಹೂವಿನ ಹೊತ್ತಿಗೆ ಸೇರಿಕೊಂಡ ಚಿಬ್ಬು ರೋಗ ಹಣ್ಣಿನಲ್ಲಿ ಮಾತ್ರ ಕಪ್ಪು ಚುಕ್ಕೆಯಾಗಿ ಕಾಣುವುದು ಇದಕ್ಕೇ. ಈ ಕೆಲಸಕ್ಕೆಲ್ಲ ಮರಕ್ಕೆ ನೀರು ಬೇಕು, ಕೂಡಿಟ್ಟ ಸಕ್ಕರೆ ಪಿಷ್ಟ ಬೇಕು. ಹವೆ ಕೈಹಾಕುವುದು ಅಲ್ಲಿಗೇ.

ಮೊದಲನೆಯದು ಬರ. ನೀರು ಸಾಲದಾಗ ಮರ ಎಲೆಯ ರಂಧ್ರ ಮುಚ್ಚಿಕೊಳ್ಳುತ್ತದೆ. ಆಗ ಅಡುಗೆಯೂ ನಿಲ್ಲುತ್ತದೆ. ಕೂಡಿಟ್ಟದ್ದನ್ನು ತಿಂದು ಬದುಕುವಾಗ ಬೇಲಿ ಕಟ್ಟಲಿಕ್ಕೆ ಏನೂ ಉಳಿಯುವುದಿಲ್ಲ. 2023ನ್ನು ನೆನಪಿಸಿಕೊಳ್ಳಿ. ಜೂನ್ ಮಳೆ ತಡ. ಆಗಸ್ಟ್‌ನಲ್ಲಿ ಇಡೀ ದೇಶದಲ್ಲಿ ವಾಡಿಕೆಗಿಂತ 36 ಶೇಕಡಾ ಕಡಿಮೆ ಮಳೆ. 1901ರಿಂದೀಚೆ ಅಷ್ಟು ಒಣ ಆಗಸ್ಟ್ ಇರಲಿಲ್ಲ. ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಸರಕಾರ ಬರಪೀಡಿತ ಎಂದು ಘೋಷಿಸಿತು. ಕರಾವಳಿಯ ನಾವು ಬರ ಎಂದರೆ ಬಯಲುಸೀಮೆಯ ಮಾತು ಎಂದುಕೊಂಡಿದ್ದೆವು. ಚಿರೆಕಲ್ಲಿನ ಮೇಲಿನ ನಮ್ಮ ಮಣ್ಣು ತೆಳು. ಎಷ್ಟು ಮಳೆ ಬಂದರೂ ಹಿಡಿದಿಡುವುದು ಸ್ವಲ್ಪವೇ.

ಎರಡನೆಯದು ಸೆಕೆ. ಲಾಸಿಯೋಡಿಪ್ಲೋಡಿಯಾ ಬಿಸಿ ಸೀಮೆಯ ಜೀವಿ. 30 ಡಿಗ್ರಿ ಆಸುಪಾಸಿನಲ್ಲಿ ಅದರ ಬೆಳವಣಿಗೆ ಜೋರು. ಮರಕ್ಕೆ ಸೋಲು ತರುವ ಸೆಕೆ ಅದಕ್ಕೆ ಹಬ್ಬ.

ಮೂರನೆಯದು ಅತಿ ಮಳೆ. ಬೇರಿಗೂ ಗಾಳಿ ಬೇಕು. ನೀರು ನಿಂತ ನೆಲದಲ್ಲಿ ಬೇರು ಕೊಳೆತರೆ, ಸುತ್ತ ನೀರಿದ್ದೂ ಮರಕ್ಕೆ ನೀರಿಲ್ಲ. 2024ರ ಜುಲೈ ಮಳೆ ನಮ್ಮವರು ಮರೆಯುವ ಹಾಗಿಲ್ಲ. 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡವೇ ಹೆದ್ದಾರಿಗೆ ಕುಸಿದು ಜೀವಹಾನಿಯಾಯಿತು. ಹಿಂದಿನ ವರ್ಷ ಬಾಯಾರಿದ್ದ ಮರಗಳೇ ಆ ವರ್ಷ ನೀರಲ್ಲಿ ನಿಂತವು.

ನಾಲ್ಕನೆಯದು ಗಾಳಿ. 2021ರ ಮೇಯಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯನ್ನು ಸವರಿಕೊಂಡು ಹೋಯಿತು. ಅರಬ್ಬಿ ಸಮುದ್ರ ಬಿಸಿಯಾಗುತ್ತಿದೆ, ಚಂಡಮಾರುತಗಳ ಬಲ ಹೆಚ್ಚುತ್ತಿದೆ ಎನ್ನುತ್ತಾರೆ ಹವಾಮಾನ ತಜ್ಞರು. ಸೀಳಿದ ಪ್ರತಿ ಟೊಂಗೆಯೂ ಶಿಲೀಂಧ್ರಕ್ಕೆ ತೆರೆದ ಬಾಗಿಲು.

ಒಂದು ಮರ ಒಣಗಿತು ಅಂದ ಮಾತ್ರಕ್ಕೆ ಎಲ್ಲವನ್ನೂ ಹವಾಮಾನ ಬದಲಾವಣೆಯ ತಲೆಗೆ ಕಟ್ಟಬಾರದು. ಓಟೆಹುಳವೂ ಕೊರೆಯುತ್ತದೆ, ಬಂದಳಿಕೆಯೂ ಹೀರುತ್ತದೆ. ಆದರೆ ಬರ, ಸೆಕೆ, ಅತಿಮಳೆ ಒಂದರ ಹಿಂದೊಂದು ಬಂದರೆ ಮರಕ್ಕೆ ಸುಧಾರಿಸಿಕೊಳ್ಳಲು ಪುರುಸೊತ್ತೇ ಸಿಗುವುದಿಲ್ಲ. ಹೆದರಬೇಕಾದದ್ದು ಅದಕ್ಕೆ.

ಬೇವು ಹೇಳುವ ಪಾಠ

ಘಟ್ಟದ ಮೇಲಿನವರಿಗೆ ಬೇವಿನ ತುದಿ ಒಣಗುವ ರೋಗ ಗೊತ್ತಿರಬಹುದು. ಮೈಸೂರು ವಿಶ್ವವಿದ್ಯಾಲಯದ ವಿಜ್ಞಾನಿಗಳು ಅದಕ್ಕೆ ಕಾರಣವಾದ ಹೊಸ ಶಿಲೀಂಧ್ರಕ್ಕೆ 1997ರಲ್ಲಿ ಫೋಮಾಪ್ಸಿಸ್ ಅಜಾಡಿರಾಕ್ಟೆ ಎಂದು ಹೆಸರಿಟ್ಟರು. ಅದು ಬೀಜದಲ್ಲೂ ಸೇರಿಕೊಂಡು ಹೋಗುತ್ತದೆ ಎಂದೂ ಕಂಡುಕೊಂಡರು. 2021ರಲ್ಲಿ ತೆಲಂಗಾಣದಲ್ಲಿ ಊರೂರಿನ ಬೇವು ಒಣಗಿ ದೊಡ್ಡ ಸುದ್ದಿಯಾಯಿತು. 'ಮನೆ ಮುಂದಿನ ವೈದ್ಯ' ಎನಿಸಿಕೊಂಡ ಮರಕ್ಕೇ ರೋಗ!

ತಂಪು ದೇಶಗಳಲ್ಲೂ ಇದೇ ಕಥೆ. ಇಂಗ್ಲೆಂಡಿನಲ್ಲಿ ಮೇಪಲ್ ಜಾತಿಯ ಮರಗಳ ತೊಗಟೆಯಡಿ ಮಸಿ ತುಂಬಿದ ಹಾಗೆ ಮಾಡುವ ಶಿಲೀಂಧ್ರವೊಂದನ್ನು 1945ರಲ್ಲಿ ಲಂಡನ್ನಿನ ಉದ್ಯಾನದಲ್ಲಿ ಮೊದಲು ಕಂಡರು. ತಂಪು ವರ್ಷಗಳಲ್ಲಿ ಅದರ ಸದ್ದಿಲ್ಲ. 1976ರಂಥ ಬಿಸಿ, ಒಣ ಬೇಸಿಗೆ ಬಂದ ಮೇಲೆ ಮರಗಳು ಸಾಲಾಗಿ ಸತ್ತವು. ಊರು ಬೇರೆ, ಮರ ಬೇರೆ, ನಡೆದದ್ದು ಒಂದೇ.

ಹಾಗಾದರೆ ನಮ್ಮದೊಂದೇ ಮರ ಯಾಕೆ?

2023ರ ಹವೆ ನಮ್ಮ ಎರಡು ಮರಕ್ಕೂ ಒಂದೇ ಆಗಿತ್ತಲ್ಲ? ಉತ್ತರ ಕೊಟ್ಟವರು ಮೂವತ್ತು ವರ್ಷದಿಂದ ನಮ್ಮಲ್ಲಿ ಮಾವು ಕೊಯ್ಯಲು ಬರುವ ಹಾಲಕ್ಕಿ ಹಿರಿಯರು. "ತಮಾ, ನೀ ಅಂಗಳಕ್ಕೆ ಸಿಮೆಂಟ್ ಹಾಕ್ದಾಗ್ಲೇ ಮರ ಸಾಯೂಕೆ ಸುರು ಆಗಿತ್ತು. ನಿಂಗೆ ಕಂಡದ್ದು ಈಗ" ಅಂದರು.

ನನಗೆ ಮಾತೇ ಹೊರಡಲಿಲ್ಲ. 2022ರ ಬೇಸಿಗೆಯಲ್ಲಿ ಮನೆಯಲ್ಲಿ ಮದುವೆ. ಅಂಗಳ ಚಂದ ಕಾಣಲಿ ಎಂದು ಮರದ ಬುಡದವರೆಗೂ ಕಾಂಕ್ರೀಟು ಹಾಕಿಸಿದ್ದೆ. ಮಟ್ಟ ಮಾಡುವಾಗ ತೋಳಿನಷ್ಟು ದಪ್ಪದ ಎರಡು ಬೇರು ಅಡ್ಡ ಬಂತು, ಕಡಿಸಿದೆ. ದರಕು ದಿನವೂ ಗುಡಿಸಿ ಸುಟ್ಟೆ. ಬಾವಿಯಾಚೆಯ ಮರದ ಬುಡದಲ್ಲಿ ಮೊಣಕಾಲುದ್ದ ದರಕು ಬಿದ್ದಿತ್ತು. ಬಾವಿಕಟ್ಟೆಯ ನೀರೂ ಅತ್ತಲೇ ಹರಿಯುತ್ತಿತ್ತು. ಬರ ಬಂದಾಗ ಒಂದು ಮರದ ಬಳಿ ಗಂಟಿತ್ತು, ಇನ್ನೊಂದರ ಗಂಟನ್ನು ನಾನೇ ಕಸಿದಿದ್ದೆ.

ಇನ್ನೂ ಒಂದು ತಪ್ಪು ಆಗಿದೆ. 2023ರಲ್ಲಿ ಅಂಕೋಲೆಯ ಕರಿ ಇಶಾಡಕ್ಕೆ ಭೌಗೋಳಿಕ ಸೂಚಿಕೆ, ಅಂದರೆ ಜಿಐ ಸಿಕ್ಕಿತು. ಅಂಕೋಲೆಯ ಮಾತಾ ತೋಟಗಾರ್ಸ್ ಫಾರ್ಮರ್ಸ್ ಪ್ರೊಡ್ಯೂಸರ್ ಕಂಪನಿ ಅದಕ್ಕಾಗಿ ದುಡಿದಿತ್ತು. ನೆಂಟರು, ಗೆಳೆಯರು ಕಸಿಕಡ್ಡಿ ಕೇಳಿದರು. ಕೈಗೆ ಸಿಗುತ್ತದೆ ಎಂದು ಅಂಗಳದ ಮರದಿಂದಲೇ ಕೊಟ್ಟೆ. ಹನ್ನೊಂದು ಕಸಿಯಲ್ಲಿ ಎಂಟು ಕಸಿಗಂಟಿನಲ್ಲೇ ಕಪ್ಪಾಗಿ ಸತ್ತವು. ಕಸಿ ಕಟ್ಟಿದವನ ಕೈ ಸರಿಯಿಲ್ಲ ಎಂದು ನಾವೆಲ್ಲ ಅಂದುಕೊಂಡೆವು. ಪರೀಕ್ಷೆಯ ನಂತರ ಅವನ ಮನೆಗೆ ಹೋಗಿ, "ತಪ್ಪು ಕಡ್ಡಿಯದು, ನಿನ್ನದಲ್ಲ ಮಾರಾಯಾ" ಎಂದು ಹೇಳಿ ಬಂದೆ.

ಮಾಡಬಹುದಾದದ್ದು

ಒಳವಾಸಿಯನ್ನು ಓಡಿಸಲು ಆಗದು. ಮಲಗಿಸಿಡಲು ಆಗುತ್ತದೆ. ನಾನು ಕೇಳಿ, ಮಾಡಿ ಕಲಿತದ್ದು ಇಷ್ಟು:

1. ಬುಡ ತೆರೆದಿರಲಿ. ಮರದ ನೆರಳು ಬೀಳುವಷ್ಟು ಜಾಗದಲ್ಲಿ ಸಿಮೆಂಟು, ವಾಹನ ಬೇಡ. ಅರ್ಧ ಅಡಿ ದಪ್ಪ ದರಕಿನ ಹೊದಿಕೆ ಹಾಕಿ. ಕಾಂಡಕ್ಕೆ ತಾಗಿಸಬೇಡಿ, ಒಂದಡಿ ಬಿಟ್ಟಿರಲಿ.

2. ನೀರಿಗೆ ಹೊತ್ತು ನೋಡಿ. ಮಾವಿಗೆ ಹೂ ಬರಲು ಮಳೆಗಾಲದ ನಂತರ ಸ್ವಲ್ಪ ಒಣ ಹವೆ ಬೇಕು. ಆಗ ನೀರುಣಿಸಿದರೆ ಚಿಗುರು ಬರುತ್ತದೆ, ಹೂವಲ್ಲ. ಆಗಸ್ಟ್–ಸೆಪ್ಟೆಂಬರ್ ಮಳೆ ಕೈಕೊಟ್ಟರೆ ಆಗಲೇ ನೀರು ಕೊಡಿ. ಆಮೇಲೆ ನಿಲ್ಲಿಸಿ, ಕಾಯಿ ಬಟಾಣಿ ಗಾತ್ರವಾದ ಮೇಲೆ ಹತ್ತು ಹದಿನೈದು ದಿನಕ್ಕೊಮ್ಮೆ ಕೊಡಿ.

3. ಮಳೆಗಾಲದಲ್ಲಿ ಬುಡದಲ್ಲಿ ನೀರು ನಿಲ್ಲದಂತೆ ಬಸಿಗಾಲುವೆ ಮಾಡಿ. ಆ ನೀರನ್ನು ಮರದಿಂದ ದೂರದ ಇಂಗುಗುಂಡಿಗೆ ಬಿಟ್ಟರೆ ಬೇಸಿಗೆಗೆ ಬಾವಿಗೂ ಲಾಭ.

4. ಒಣಗಿದ್ದನ್ನು ಒಣ ದಿನ ನೋಡಿ ಕಡಿಯಿರಿ. ಒಣಗಿದ ಜಾಗದಿಂದ ಕನಿಷ್ಠ ಮೂರು ಇಂಚು ಕೆಳಗೆ. ಕೊಯ್ದ ಮುಖದಲ್ಲಿ ಕಂದು ಗೆರೆ ಕಂಡರೆ ಇನ್ನೂ ಕೆಳಗೆ ಹೋಗಿ. ಪ್ರತಿ ಮರಕ್ಕೂ ಕರಗಸವನ್ನು ಸ್ಪಿರಿಟ್‌ನಲ್ಲಿ ಒರೆಸಿ. ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಿ: ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ಹತ್ತು ಲೀಟರ್ ನೀರು.

5. ಕಡಿದ ಟೊಂಗೆ ಮರದಡಿ ಬಿಡಬೇಡಿ. ಸತ್ತ ಕಡ್ಡಿಯ ಮೇಲೆ ಶಿಲೀಂಧ್ರ ಬೀಜ ಕಟ್ಟುತ್ತದೆ. ಮಳೆಹನಿ ಅದನ್ನು ಹರಡುತ್ತದೆ. ಮೇ ಮುಗಿಯುವುದರೊಳಗೆ ಸುಟ್ಟುಬಿಡಿ.

6. ಕಸಿಕಡ್ಡಿಯನ್ನು ತುದಿ ಒಣಗದ, ಬಾಯಾರದ ಮರದಿಂದಲೇ ತನ್ನಿ. ಬರ ಕಂಡ ಮರಕ್ಕೆ ಒಂದು ಮಳೆಗಾಲ ಸುಧಾರಿಸಲು ಬಿಡಿ. ಮಾರಲು ಕಸಿ ಮಾಡುವವರು ತಾಯಿಮರವನ್ನು ಬೇಸಿಗೆಯಲ್ಲೊಮ್ಮೆ, ಮಳೆ ಮುಗಿದ ಮೇಲೊಮ್ಮೆ ನೋಡಿರಲಿ.

7. ಹಣ್ಣನ್ನು ಒಂದು ಇಂಚು ತೊಟ್ಟು ಉಳಿಸಿ ಕೊಯ್ಯಿರಿ. ಬಡಿದು ಬೀಳಿಸಬೇಡಿ. 52 ಡಿಗ್ರಿ ಬಿಸಿಯ ನೀರಿನಲ್ಲಿ ಐದರಿಂದ ಹತ್ತು ನಿಮಿಷ ಮುಳುಗಿಸಿದರೆ ಚಿಬ್ಬು, ತೊಟ್ಟು ಕೊಳೆ ಕಡಿಮೆ. ಕರಿ ಇಶಾಡದ ಸಿಪ್ಪೆ ತೆಳು. ಮೊದಲು ನಾಲ್ಕು ಹಣ್ಣಿಗೆ ಮಾಡಿ ನೋಡಿ. ಉಷ್ಣಮಾಪಕ ಇಲ್ಲದೆ ಮಾಡಬೇಡಿ.

8. ಸಿಂಪಡಣೆ ಪೂರಾ ಬೇಡ ಎಂದಲ್ಲ. ಹೂವಿನ ಹೊತ್ತಿನ ಮಳೆ, ಇಬ್ಬನಿಗೆ ಚಿಬ್ಬು ರೋಗ ಸೇರಿಕೊಳ್ಳುತ್ತದೆ. ಹೂ ಬಿಡುವ ಮುನ್ನ ಶೇಕಡಾ ಒಂದರ ಬೋರ್ಡೋ ಹೊಡೆಯುವುದಕ್ಕೆ ಅರ್ಥವಿದೆ. ಹೂ ಅರಳಿದ ಮೇಲೆ ಬೇಡ.

ಬೆಟ್ಟದ ಮರಗಳಿಗೆ ನೀರು ಹೊರಲು ಆಗದು. ಆದರೆ ಬರದ ವರ್ಷ ಸೊಪ್ಪು ಕಡಿಯುವುದನ್ನು ಕಡಿಮೆ ಮಾಡಬಹುದು. ಸೊಪ್ಪೆಂದರೆ ಮರದ ಅಡುಗೆಮನೆ. ದರಕನ್ನು ಪೂರ್ತಿ ಬಳಿದು ತರದೆ ಸ್ವಲ್ಪ ಅಲ್ಲೇ ಬಿಡಬಹುದು. ಬೆಂಕಿ ತಡೆಯಬಹುದು. ಹೊಸದಾಗಿ ನೆಡುವಾಗ ಒಂದೇ ಜಾತಿ ನೆಡದೆ ಹಲಸು, ಮುರುಗಲು, ಹೊನ್ನೆ, ಕಾಟುಮಾವು ಬೆರೆಸಬಹುದು.

ಈಗ ಮರ ಹೇಗಿದೆ?

2024ರ ಏಪ್ರಿಲ್‌ನಲ್ಲಿ ಅಂಗಳದ ಕಾಂಕ್ರೀಟು ಒಡೆಸಿದೆ. ಹಾಕಿಸಿದ್ದಕ್ಕಿಂತ ಒಡೆಸುವಾಗಲೇ ಮನೆಯಲ್ಲಿ ಹೆಚ್ಚು ಮಾತು ಕೇಳಬೇಕಾಯಿತು. ಒಣಗಿದ್ದನ್ನೆಲ್ಲ ಕಡಿಸಿ ಮುಲಾಮು ಹಚ್ಚಿಸಿದೆ. ಮರ ಅರ್ಧಕ್ಕಿಂತ ಸಣ್ಣದಾಗಿದೆ. ಎರಡು ಕಡೆ ತೊಗಟೆ ಇನ್ನೂ ಅಂಟು ಬಿಡುತ್ತದೆ. ಆದರೆ ಮುಂದಿನ ಮಳೆಗಾಲದ ನಂತರ ಉಳಿದ ಟೊಂಗೆಗಳಲ್ಲಿ ಚಿಗುರು ಬಂತು, ಹೊಸದಾಗಿ ತುದಿ ಒಣಗಿದ್ದು ಕಡಿಮೆ. ಉಳಿಯಿತು ಎನ್ನುವ ಧೈರ್ಯ ನನಗಿಲ್ಲ. ಹತ್ತಾರು ವರ್ಷದಲ್ಲಿ ಆದ ಬೇರು ಎರಡು ವರ್ಷದಲ್ಲಿ ಬರುವುದಿಲ್ಲ.

ಗೋಡೆಗೆ ಒಂದು ಕ್ಯಾಲೆಂಡರ್ ತೂಗುಹಾಕಿದ್ದೇನೆ. ಮಳೆ ಬಂದ ದಿನ, ಬಿಟ್ಟ ದಿನ, ಹೂ ಕಂಡ ದಿನ, ತುದಿ ಒಣಗಿದ ದಿನ ಎಲ್ಲ ಅದರಲ್ಲೇ ಗುರುತು. ಹವೆ ನಮ್ಮ ಕೈಯಲ್ಲಿಲ್ಲ. ಅದು ಯಾವಾಗ ತಿರುಗಿತು ಎಂಬ ಲೆಕ್ಕವಾದರೂ ನಮ್ಮಲ್ಲಿರಲಿ. ಮರ ಒಣಗುವುದು ಕಣ್ಣಿಗೆ ಕಾಣುವುದಕ್ಕಿಂತ ಒಂದೆರಡು ವರ್ಷ ಮೊದಲೇ ಬುಡದಲ್ಲಿ ಸುರುವಾಗಿರುತ್ತದೆ. ನಿಮ್ಮ ಹಿತ್ತಿಲಿನ ಮರದ ನೆತ್ತಿ ನೋಡುವ ಮೊದಲು ಅದರ ಬುಡ ನೋಡಿ ಬನ್ನಿ.